ಒಂದೇ ಜಾಡಿಯ ಹೆಪ್ಪು

ನಮ್ಮಕ್ಕ ತನ್ನ ಜನ್ಮದಲ್ಲಿ ಮೂವರಿಗೆ ಹೊಡೆದಿದ್ದಾಳೆ. ಮೊದಲನೆಯವನು ಅವಳ ಗಂಡ, ಎರಡನೆಯವನು ಒಬ್ಬ ಲಾರಿ ಡ್ರೈವರ್, ಮೂರನೆಯವನು ನಮ್ಮ ಅಣ್ಣ. ಗಂಡನಿಗೆ ಬಿದ್ದದ್ದು ನ್ಯಾಯವಾದ ಏಟು. ಡ್ರೈವರಿಗೆ ಬಿದ್ದದ್ದು ಸ್ವಲ್ಪ ಜಾಸ್ತಿಯಾಯಿತು ಎನ್ನುವವರು ಈಗಲೂ ಇದ್ದಾರೆ. ಅಣ್ಣನಿಗೆ ಬಿದ್ದದ್ದು ನನಗೆ ಬೀಳಬೇಕಾಗಿದ್ದ ಏಟು. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ. ಇಲ್ಲದಿದ್ದರೆ ಮೂವತ್ತು ವರ್ಷ ವೈನ್ ತೊಟ್ಟಿ ತೊಳೆದವಳಿಗೂ ಕಾಗದ ಪೆನ್ನಿಗೂ ಏನು ಸಂಬಂಧ?

ನಾವು ಮೂವರೂ ಕೆಲಸ ಮಾಡಿದ್ದು ಒಂದೇ ವೈನ್ ಕಾರ್ಖಾನೆಯಲ್ಲಿ, ಒಂದೇ ಕೊಠಡಿಯಲ್ಲಿ. ತಗಡಿನ ಸೂರು, ಸಿಮೆಂಟು ನೆಲ, ನೆಲದ ನಡುವೆ ಉದ್ದಕ್ಕೂ ಒಂದು ಚರಂಡಿ. ಒಂದು ಗೋಡೆಯ ಬದಿಗೆ ಆರು ಸ್ಟೀಲ್ ತೊಟ್ಟಿ, ಎದುರು ಬದಿಗೆ ಒಂದೇ ಒಂದು ಹಳೆಯ ಸಿಮೆಂಟು ತೊಟ್ಟಿ. ತೊಟ್ಟಿಗಳ ಬಾಯಿಯ ಮಟ್ಟಕ್ಕೆ ಸುತ್ತಲೂ ಹಲಗೆ ಹಾಸಿ ಏಣಿ ಇಟ್ಟಿದ್ದರು. ಹಣ್ಣಿನ ಕಾಲ ಬಂತೆಂದರೆ ಲಾರಿಗಳಿಂದ ಕಪ್ಪು ದ್ರಾಕ್ಷಿ ಇಳಿಯುತ್ತದೆ, ಯಂತ್ರ ಅದರ ಮೈ ಒಡೆಯುತ್ತದೆ, ರಸ ಸಿಪ್ಪೆ ಬೀಜ ಎಲ್ಲ ಕೂಡಿ ತೊಟ್ಟಿಗೆ ಬೀಳುತ್ತದೆ. ಅದಕ್ಕೆ ಯೀಸ್ಟ್ ಸೇರಿಸಬೇಕು. ಅದು ರಸದ ಸಕ್ಕರೆ ತಿಂದು ಮದ್ಯ ಮಾಡುತ್ತದೆ, ಗಾಳಿ ಬಿಡುತ್ತದೆ. ಆ ಗಾಳಿಯ ರಭಸಕ್ಕೆ ಸಿಪ್ಪೆಯೆಲ್ಲ ಮೇಲೆದ್ದು ಮೊಣಕಾಲುದ್ದದ ಗಟ್ಟಿ ಮುಚ್ಚಳವಾಗಿ ಕೂರುತ್ತದೆ. ಬಣ್ಣವಿರುವುದೆಲ್ಲ ಆ ಸಿಪ್ಪೆಯಲ್ಲೇ. ಹಾಗಾಗಿ ದಿನಕ್ಕೆ ನಾಲ್ಕು ಸಲ ಅದನ್ನು ಗುದ್ದಿ ಗುದ್ದಿ ರಸದೊಳಗೆ ಮುಳುಗಿಸಬೇಕು. ಗುದ್ದಲು ಆಳುದ್ದದ ಒಂದು ಕೋಲು, ಕೋಲಿನ ಬುಡಕ್ಕೆ ತಟ್ಟೆಯಷ್ಟಗಲದ ಬಿಲ್ಲೆ. ಗುದ್ದುಕೋಲು ಎಂದೇ ಅದರ ಹೆಸರು. ಕುಡಿಯುವವರು ನಾಜೂಕಾಗಿ ಲೋಟ ಹಿಡಿದು ಕೂರುತ್ತಾರೆ. ಮಾಡುವ ನಮಗೆ ಅದು ಒಡೆಯುವ, ಗುದ್ದುವ, ಹಿಂಡುವ ಕೆಲಸ.

ನಮ್ಮಪ್ಪ ಅಲ್ಲಿ ತೊಟ್ಟಿಗಳ ಮೇಸ್ತ್ರಿ. ಕೈ ಮುಂದೆ, ಮಾತು ಹಿಂದೆ. ತೊಟ್ಟಿ ತೊಳೆಯುವ ರಬ್ಬರ್ ಪೈಪು ಅವನ ಕೈಯಲ್ಲಿ ಎರಡು ಕೆಲಸ ಮಾಡುತ್ತಿತ್ತು; ಎರಡನೆಯ ಕೆಲಸದ ಗುರುತು ನಮ್ಮ ಮೂವರ ಬೆನ್ನ ಮೇಲೂ ಇತ್ತು. ಆದರೆ ಒಂದು ಪಿಂಗಾಣಿ ಜಾಡಿಯನ್ನು ಮಾತ್ರ ಅವನು ಎರಡೂ ಕೈಯಲ್ಲಿ, ಉಸಿರು ಬಿಗಿಹಿಡಿದು ಎತ್ತುತ್ತಿದ್ದ. ಅದರಲ್ಲಿದ್ದದ್ದು ಅವನ ಹೆಪ್ಪು. ಅವನ ಪ್ರಾಯದ ಕಾಲದಲ್ಲಿ ಒಂದು ವರ್ಷ, ಏನೂ ಸೇರಿಸದೆ ಬಿಟ್ಟ ಹಣ್ಣಿನ ರಸದಲ್ಲಿ ತಾನಾಗಿಯೇ ಎದ್ದ ನೊರೆಯನ್ನು ಎತ್ತಿಟ್ಟುಕೊಂಡದ್ದು. ಪ್ರತಿ ವರ್ಷ ಜಾಡಿಯದ್ದನ್ನೆಲ್ಲ ತೊಟ್ಟಿಗೆ ಸುರಿಯುವುದು, ಒಂಬತ್ತನೆಯ ದಿನ ಅದು ಸೊಕ್ಕಿ ಕುದಿಯುವಾಗ ಒಂದು ಚೊಂಬು ಎತ್ತಿ ಮತ್ತೆ ಜಾಡಿ ತುಂಬುವುದು, ವರ್ಷವಿಡೀ ಅದಕ್ಕೆ ಚೂರು ಚೂರು ರಸ ಕುಡಿಸಿ ಬದುಕಿಸಿಕೊಳ್ಳುವುದು. ಪೇಟೆಯ ಪೊಟ್ಟಣದಲ್ಲಿ ಬರುವುದು ಯೀಸ್ಟ್, ಈ ಜಾಡಿಯಲ್ಲಿರುವುದು ಹೆಪ್ಪು. ಎರಡೂ ಒಂದೇ ಎಂದವರ ಮೇಲೆ ಅಪ್ಪ ಕೈ ಎತ್ತುತ್ತಿದ್ದ. ಜಾಡಿ ಒಂದೇ ಇರಬೇಕು ಎನ್ನುವುದು ಅವನ ಕಟ್ಟಪ್ಪಣೆ. ಎರಡಿದ್ದರೆ ಮನುಷ್ಯ ಎರಡರ ಮೇಲೂ ಅಸಡ್ಡೆ ಮಾಡುತ್ತಾನೆ ಎನ್ನುತ್ತಿದ್ದ.

ಮೂವರು ಮಕ್ಕಳಲ್ಲಿ ಹೆಪ್ಪು ಒಲಿದದ್ದು ಅಕ್ಕನಿಗೆ. ಅವಳ ಮೂಗು ಅಂಥದ್ದು. ಹನ್ನೆರಡನೆಯ ವಯಸ್ಸಿಗೇ ಕಣ್ಣು ಕಟ್ಟಿ ನಿಲ್ಲಿಸಿದರೆ ಯಾವ ತೊಟ್ಟಿಯ ಪಕ್ಕ ನಿಂತಿದ್ದೇನೆ, ಅದು ಎಷ್ಟನೆಯ ದಿನದ್ದು ಎಂದು ಹೇಳುತ್ತಿದ್ದಳು. ಅಪ್ಪ ಕಲಿಸಿದ ರೀತಿ ಮಾತ್ರ ದೇವರಿಗೇ ಪ್ರೀತಿ. ಜಾಡಿಯ ಹೆಪ್ಪನ್ನು ಎಬ್ಬಿಸಲು ಸ್ವಲ್ಪ ರಸವನ್ನು ಉಗುರುಬೆಚ್ಚಗೆ ಮಾಡಬೇಕು. ಬಿಸಿ ಎಷ್ಟಿದೆ ಎಂದು ಮಣಿಕಟ್ಟು ಅದ್ದಿ ನೋಡಬೇಕು. ಒಂದು ದಿನ ಅಕ್ಕ ಅದ್ದಿ ನೋಡದೆ, ಸರಿಯಾಗಿದೆ ಎಂದುಬಿಟ್ಟಳು. ಅಪ್ಪ ಅವಳ ಬಲಗೈ ಹಿಡಿದು ಅದೇ ಪಾತ್ರೆಯಲ್ಲಿ ಮೊಣಕೈವರೆಗೆ ಮುಳುಗಿಸಿ ಹಿಡಿದ. ಕಿರುಚಿ ಕಿರುಚಿ ಅವಳ ದನಿ ಬಿದ್ದುಹೋಯಿತು.

"ಇಷ್ಟು ಬಿಸಿಗೆ ನಿನ್ನ ಕೈಯೇ ಹೀಗಾದ್ರೆ, ಅದರ ಗತಿ ಏನು?" ಎಂದ ಅಪ್ಪ.

ನಾನಾಗಿದ್ದರೆ ಆ ಪಾತ್ರೆಯನ್ನು ಅವನ ತಲೆಯ ಮೇಲೆ ಬೋರಲು ಹಾಕುತ್ತಿದ್ದೆ. ಅಕ್ಕ ಹಾಗಲ್ಲ. ಆ ಸುಟ್ಟ ಕಲೆಯನ್ನು ಹೊಸ ಬಳೆ ತೋರಿಸಿದ ಹಾಗೆ ಎಲ್ಲರಿಗೂ ತೋರಿಸುತ್ತಿದ್ದಳು. ಇಂಥ ಪ್ರೀತಿ ನನಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಕೊಳ್ಳುವ ಆಸೆಯೂ ಇಲ್ಲ.

ಇಪ್ಪತ್ತೊಂದಕ್ಕೆ ಅವಳ ಮದುವೆಯಾಯಿತು. ಗಂಡ ಬಡಗಿ, ನೋಡಲು ಸಾಧು. ಐದು ತಿಂಗಳಾದ ಮೇಲೆ ಒಂದು ಸಂಜೆ, ನಿನ್ನ ಮೈಯೆಲ್ಲ ಹುಳಿ ನಾತ ಎಂದು ಕೆನ್ನೆಗೆ ಒಂದು ಬಿಟ್ಟ. ಅವಳು ಒಲೆಯ ಮೇಲಿದ್ದ ಬಾಣಲೆ ಎತ್ತಿ ಒಂದು ಬಿಟ್ಟಳು. ಅವನ ಕೊರಳೆಲುಬು ಮುರಿಯಿತು, ಸಂಸಾರವೂ ಅಲ್ಲಿಗೇ ಮುರಿಯಿತು. ಬಟ್ಟೆಗಂಟು ಹೊತ್ತು ಮನೆಗೆ ಬಂದವಳು ಮಾರನೆಯ ಬೆಳಗ್ಗೆಯೇ ಹಲಗೆ ಹತ್ತಿ ನಿಂತಳು. ಲಾರಿ ಡ್ರೈವರನದು ಇನ್ನೂ ಸಣ್ಣ ಕಥೆ. ಅವನು ಸೇದಿದ ಸಿಗರೇಟಿನ ತುಂಡನ್ನು ತೊಟ್ಟಿಗೆ ಎಸೆದ, ಇವಳು ಸಲಿಕೆಯಿಂದ ಅವನ ಮೊಣಕಾಲಿಗೆ ಬಾರಿಸಿದಳು. ಆಮೇಲೆ ಅವನು ಹಣ್ಣು ತಂದಾಗಲೆಲ್ಲ ಗೇಟಿನ ಹೊರಗೇ ಸಿಗರೇಟು ಆರಿಸಿ, ಕುಂಟುತ್ತ ಒಳಗೆ ಬರುತ್ತಿದ್ದ.

ಇನ್ನು ಅಣ್ಣ. ಅಕ್ಕನಿಗಿಂತ ಎರಡು ವರ್ಷ ದೊಡ್ಡವನು. ಇಬ್ಬರೂ ಹಾವು ಮುಂಗುಸಿ. ಅವನು ಹಟಮಾರಿಯಾದರೂ ದಡ್ಡನಲ್ಲ. ಅಪ್ಪನ ಹೆಪ್ಪು ನಿಧಾನದ್ದು, ಚಳಿ ಬಿದ್ದರೆ ನಡುದಾರಿಯಲ್ಲೇ ಮಲಗಿಬಿಡುತ್ತಿತ್ತು. ಎರಡು ಸಲ ಹಾಗೆ ಮಲಗಿ ತುಂಬಿದ ತೊಟ್ಟಿ ವಿನೆಗರ್ ಆದದ್ದನ್ನು ಅವನು ಕಣ್ಣಾರೆ ಕಂಡಿದ್ದ, ಬಕೆಟ್ಟಿನಲ್ಲಿ ಮೊಗೆದು ಚರಂಡಿಗೆ ಸುರಿದಿದ್ದ. ಅದಕ್ಕೇ ಪೊಟ್ಟಣದ ಯೀಸ್ಟ್ ತರಿಸಿದ. ಹಣ್ಣಿನ ಕಾಲದ ಕೊನೆ, ಸಿಮೆಂಟು ತೊಟ್ಟಿಯಿಂದ ವೈನ್ ಬಸಿದಾಗಿತ್ತು, ತಳದಲ್ಲಿ ಉಳಿದ ಸಿಪ್ಪೆಯನ್ನು ಒಳಗಿಳಿದು ಎತ್ತಿಹಾಕುವ ಕೆಲಸ ಬಾಕಿಯಿತ್ತು. ಅಣ್ಣ ಮೊದಲ ಪೊಟ್ಟಣವನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಹರಿದು ಚರಂಡಿಗೆ ಸುರಿದ, ಎಲ್ಲರೆದುರು ಅಣ್ಣನ ಎರಡೂ ಕೆನ್ನೆಗೆ ಬಾರಿಸಿದ, ಅದೇ ಸಿಟ್ಟಿನಲ್ಲಿ ಏಣಿ ಹಿಡಿದು ತೊಟ್ಟಿಗೆ ಇಳಿದ.

ಬರಿದಾದ ತೊಟ್ಟಿಯ ತಳದಲ್ಲಿ ಯೀಸ್ಟ್ ಬಿಟ್ಟ ಗಾಳಿ ನಿಂತಿರುತ್ತದೆ. ಕಣ್ಣಿಗೆ ಕಾಣದು, ನಾಲ್ಕು ಉಸಿರಿಗೆ ಆಳು ಉರುಳುತ್ತಾನೆ. ಇಳಿಯುವ ಮೊದಲು ದಾರಕ್ಕೆ ಮೇಣದ ಬತ್ತಿ ಕಟ್ಟಿ, ಹಚ್ಚಿ ಇಳಿಬಿಡಬೇಕು. ಆರಿಹೋದರೆ ಯಾರೂ ಇಳಿಯಬಾರದು. ನಮಗೆಲ್ಲ ಅದನ್ನು ಪೈಪಿನ ಏಟು ಕೊಟ್ಟು ಕಲಿಸಿದವನೇ ಅಪ್ಪ. ಆ ದಿನ ಸಿಟ್ಟು ಅವನಿಗೆ ಬತ್ತಿಯನ್ನು ಮರೆಸಿತು. ದೊಪ್ಪೆಂಬ ಸದ್ದು ಕೇಳಿ ಅಕ್ಕ ಹಲಗೆಯ ಮೇಲೆ ಓಡಿದಳು. ಅವಳ ಒಂದು ಕಾಲು ಏಣಿಯ ಮೇಲಿದ್ದಾಗ ಅಣ್ಣ ಜಡೆಗೆ ಕೈ ಹಾಕಿ ಎಳೆದ. ಅವಳು ಬಿಡಿಸಿಕೊಂಡಳು. ಅವನು ಬಾಯಿಗೆ ಗುದ್ದಿದ. ಮುಂದಿನ ಎರಡು ಹಲ್ಲು ಹಲಗೆಯ ಮೇಲೆ ಬಿದ್ದವು. ಮತ್ತೆ ಎದ್ದವಳನ್ನು ಕೆಡವಿ ಎದೆಯ ಮೇಲೆ ಮೊಣಕಾಲೂರಿ ಕೂತು, ಗಾಳಿ ಊದುವ ಫ್ಯಾನು ಹಚ್ಚು ಎಂದು ನನ್ನತ್ತ ಕೂಗಿದ. ನನಗೆ ಆಗ ಹತ್ತೊಂಬತ್ತು. ಪ್ಲಗ್ ನಾಲ್ಕನೆಯ ಸಲಕ್ಕೆ ಸಿಕ್ಕಿಸಿದೆ. ಫ್ಯಾನು ಊದಿ, ಇಳಿಬಿಟ್ಟ ಬತ್ತಿ ಆರದೆ ನಿಲ್ಲುವ ಹೊತ್ತಿಗೆ, ಅಣ್ಣ ಇಳಿದು ಹೆಗಲ ಮೇಲೆ ಹೊತ್ತು ತಂದದ್ದು ಹೆಣ.

ಅಕ್ಕ ಇಳಿದಿದ್ದರೆ ಎರಡು ಹೆಣ ಬರುತ್ತಿತ್ತು ಎಂದರು ಡಾಕ್ಟರು. ಅದು ಎಲ್ಲರಿಗೂ ಗೊತ್ತು, ಅಕ್ಕನಿಗೂ ಗೊತ್ತು. ಆದರೆ ಒಮ್ಮೆ, ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ, ಅವಳು ಹೇಳಿದಳು.

"ಅವನು ನನ್ನ ಮೇಲೆ ಕೂತಿದ್ದಾಗ ಅಪ್ಪನ ಕಾಲು ಇನ್ನೂ ಅಲ್ಲಾಡ್ತಿತ್ತು. ತಲೆ ತಿರುಗಿಸಿ ನೋಡ್ದೆ ನಾನು."

ಆಮೇಲೆ ಹನ್ನೊಂದು ವರ್ಷ ಹೀಗೇ ನಡೆಯಿತು. ಆರು ಸ್ಟೀಲ್ ತೊಟ್ಟಿ ಅಣ್ಣನದು, ಪೊಟ್ಟಣದ ಯೀಸ್ಟ್. ಸಿಮೆಂಟು ತೊಟ್ಟಿ ಅಕ್ಕನದು, ಅಪ್ಪನ ಹೆಪ್ಪು. ಕಾರ್ಖಾನೆಯವರು ಅವಳನ್ನು ಹೆಪ್ಪಕ್ಕ ಎಂದೇ ಕರೆಯುತ್ತಿದ್ದರು. ಅಣ್ಣನ ಪೊಟ್ಟಣದ ಹಿಂದೆ, ಇದು ಜೊತೆಯಲ್ಲಿರುವ ಬೇರೆ ಯೀಸ್ಟ್‌ಗಳನ್ನು ಕೊಲ್ಲುವ ತಳಿ ಎಂದು ಅಚ್ಚಾಗಿತ್ತು. ಅವನು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ನಿಜವೇ. ಅದು ತನ್ನ ಮೈಯಿಂದ ಒಂದು ವಿಷ ಬಿಡುತ್ತದೆ, ತನ್ನ ಜಾತಿಯದಲ್ಲದ್ದು ಸುತ್ತ ಇದ್ದರೆ ಸಾಲು ಸಾಲಾಗಿ ಕೊಂದು ತಾನೊಂದೇ ಉಳಿಯುತ್ತದೆ. ನಾವು ಅದಕ್ಕೆ ಕೊಲೆಗಡುಕ ಎಂದು ಹೆಸರಿಟ್ಟಿದ್ದೆವು. ಆರೇ ದಿನಕ್ಕೆ ತೊಟ್ಟಿಯ ಸಕ್ಕರೆಯನ್ನೆಲ್ಲ ನುಂಗಿ ಮುಗಿಸುವುದು, ಎಂದೂ ಮಲಗುವುದಿಲ್ಲ. ಆದರೆ ಮೈ ಕಾವೇರಿಸಿಕೊಂಡು ಓಡುವುದರಿಂದ ಹಣ್ಣಿನ ಕಂಪೆಲ್ಲ ಗಾಳಿಯ ಜೊತೆ ಹಾರಿಹೋಗಿ ಕೊಠಡಿ ಘಮಘಮ, ಲೋಟ ಖಾಲಿ.

ಬಣ್ಣದ ಗುಟ್ಟನ್ನು ಅಕ್ಕ ನನಗೆ ತೋರಿಸಿಕೊಟ್ಟಿದ್ದು ಗಸಿಯಲ್ಲಿ. ಕೆಲಸ ಮುಗಿದ ಮೇಲೆ ಯೀಸ್ಟ್ ಸತ್ತು ತಳ ಸೇರಿ ಗಸಿಯಾಗುತ್ತದಲ್ಲ, ಎರಡೂ ತೊಟ್ಟಿಯದ್ದನ್ನು ಒಂದೊಂದು ಬಿಳಿ ತಟ್ಟೆಗೆ ಹಾಕಿ ಅಕ್ಕಪಕ್ಕ ಇಟ್ಟಳು. ಅಣ್ಣನ ತೊಟ್ಟಿಯ ಗಸಿ ಕಡು ನೇರಳೆ, ಅವಳದ್ದು ಮಾಸಲು ಗುಲಾಬಿ. ಕೆಲವು ತಳಿ ಸಾಯುವಾಗ ವೈನಿನ ಬಣ್ಣವನ್ನೂ ತಬ್ಬಿಕೊಂಡು ಮುಳುಗುತ್ತವೆ, ಕೆಲವು ಬಿಟ್ಟುಕೊಡುತ್ತವೆ, ಕದ್ದವನು ಯಾರು ಎಂದು ತಳ ಕೆದಕಿದರೆ ಗೊತ್ತಾಗುತ್ತದೆ ಎಂದಳು. ಅಣ್ಣ ಈ ಮಾತಿಗೆಲ್ಲ ಮೂಗು ಮುರಿಯುತ್ತಿದ್ದ. ಕೊನೆಗೆ ಮುರಿದದ್ದು ಅವನ ಮೂಗೇ.

ಹನ್ನೊಂದನೆಯ ವರ್ಷ ಮಾಲೀಕರಿಗೆ ಈ ಎರಡು ದಾರಿ ಸಾಕಾಯಿತು. ಒಂದೇ ತೋಟದ, ಒಂದೇ ದಿನ ಕೊಯ್ದ ಹಣ್ಣನ್ನು ಎರಡು ಪಾಲು ಮಾಡಿ ಇಬ್ಬರಿಗೂ ಕೊಟ್ಟರು. ಯಾರ ವೈನ್ ಬಣ್ಣದಲ್ಲಿ, ಕಂಪಿನಲ್ಲಿ, ರುಚಿಯಲ್ಲಿ ಮೇಲೋ ಮುಂದಿನ ವರ್ಷದಿಂದ ಎಲ್ಲ ತೊಟ್ಟಿಗೂ ಅವರದ್ದೇ. ಅಕ್ಕ ಸೋತರೆ ಜಾಡಿ ಕೊಠಡಿಯಿಂದ ಹೊರಗೆ ಹೋಗಬೇಕು. ಅಕ್ಕ ಜಾಡಿಯನ್ನು ಕೊನೆಯ ಹನಿಯವರೆಗೆ ತೊಟ್ಟಿಗೆ ಬಗ್ಗಿಸಿದಳು. ಅಷ್ಟು ಕಪ್ಪಾದ, ಅಷ್ಟು ಕಂಪಿನ ತೊಟ್ಟಿಯನ್ನು ನಾನು ಆಮೇಲೆ ನೋಡಿಲ್ಲ. ಐದನೆಯ ದಿನ ಮಾಲೀಕರು ಏಣಿ ಹತ್ತಿ ಬಗ್ಗಿ ಮೂಸಿ, ಇನ್ನೊಮ್ಮೆ ಮೂಸಿ ಇಳಿದರು. ಅಕ್ಕ ಗೆದ್ದಳು ಎಂದೇ ನಾನು ತಿಳಿದೆ.

ಅದೇ ಐದನೆಯ ದಿನ ಮಧ್ಯಾಹ್ನ ನಾನು ಕೊಠಡಿಯಲ್ಲಿ ಒಬ್ಬಳೇ ಇದ್ದೆ. ಅಕ್ಕ ಮನೆಗೆ ಊಟಕ್ಕೆ ಹೋಗಿದ್ದಳು, ಅಣ್ಣ ಹೊರಗೆ ತೂಕದ ಯಂತ್ರದ ಹತ್ತಿರ ಇದ್ದ. ಅವನ ತೊಟ್ಟಿಯ ಸಿಪ್ಪೆ ಉಬ್ಬಿ ಉಬ್ಬಿ ಬಾಯಿ ದಾಟಿ ಚೆಲ್ಲುವ ಹಾಗಾಯಿತು. ಅವನ ಸ್ಟೀಲ್ ಗುದ್ದುಕೋಲು ಎತ್ತಿದರೆ ಬಿಲ್ಲೆಯ ಬೋಲ್ಟು ಕಳಚಿ ಬಿಲ್ಲೆ ಕೈಗೆ ಬಂತು. ಪ್ರತಿ ತೊಟ್ಟಿಗೂ ಅದರದೇ ಕೋಲು, ಬದಲಾಯಿಸಬಾರದು ಎನ್ನುವುದು ಅಪ್ಪನ ಕಾಲದ ಕಟ್ಟಳೆ. ಗೊತ್ತಿದ್ದೂ ನಾನು ಅಕ್ಕನ ಮರದ ಕೋಲು ತಂದು ಅಣ್ಣನ ತೊಟ್ಟಿಯನ್ನು ಗುದ್ದಿದೆ. ಆಮೇಲೆ ಕೋಲಿನ ಮೇಲೆ ಒಂದು ಬಕೆಟ್ ನೀರು ಸುರಿದು, ತೊಳೆದೆ ಎಂದುಕೊಂಡು ಸಿಮೆಂಟು ತೊಟ್ಟಿಯ ಪಕ್ಕ ಒರಗಿಸಿದೆ. ಮರದ ಸೀಳುಗಳಲ್ಲಿ ಏನು ಕೂತಿರುತ್ತದೆ ಎಂದು ಹೊಳೆಯಲಿಲ್ಲ. ಸಂಜೆ ಅಕ್ಕ ಅದೇ ಕೋಲಿನಿಂದ ತನ್ನ ತೊಟ್ಟಿಯನ್ನು ಗುದ್ದಿದಳು. ಕೊಲೆಗಡುಕನನ್ನು ತನ್ನ ಕೈಯಾರೆ ಒಳಗೆ ಇಳಿಸಿದಳು.

ಎಂಟನೆಯ ದಿನ ಬೆಳಗ್ಗೆ ಕೊಠಡಿಯ ಬಾಗಿಲಲ್ಲೇ ಅಕ್ಕ ನಿಂತುಬಿಟ್ಟಳು. ನನಗಿನ್ನೂ ಏನೂ ಗೊತ್ತಾಗಿರಲಿಲ್ಲ. ಅವಳು ಹಲಗೆ ಹತ್ತಿದಳು. ಸಣ್ಣ ಕೆನೆ ನೊರೆ ಹೋಗಿ ದೊಡ್ಡ ದೊಡ್ಡ ಗುಳ್ಳೆ ಬಂದಿತ್ತು. ತೊಟ್ಟಿಯ ಮೈ ಮುಟ್ಟಿದರೆ ಸುಡುತ್ತಿತ್ತು. ಒಳಗೆ ಅಪ್ಪನ ಹೆಪ್ಪು ಸಾಯುತ್ತಿತ್ತು, ಸತ್ತದ್ದು ಕೊಳೆತ ಮೊಟ್ಟೆಯ ನಾತ ಬಿಡುತ್ತಿತ್ತು. ಒಂಬತ್ತನೆಯ ದಿನಕ್ಕೆಂದು ತೊಳೆದಿಟ್ಟ ಜಾಡಿ ಖಾಲಿ ಬಿದ್ದಿತ್ತು. ಅಣ್ಣ ಅದೇ ಹಲಗೆಯ ಆ ತುದಿಯಲ್ಲಿ ತನ್ನ ಕೋಲಿನ ಮತ್ತೆ ಸಡಿಲಾದ ಬೋಲ್ಟು ಬಿಗಿಯುತ್ತ ನಿಂತಿದ್ದ.

"ನಿನ್ನದನ್ನ ತಂದು ನನ್ನದಕ್ಕೆ ಹಾಕಿದೀಯ," ಎಂದಳು ಅಕ್ಕ.

"ನಾನಲ್ಲ," ಎಂದ ಅಣ್ಣ.

"ನೀನಲ್ದೆ ಇನ್ಯಾರು?"

ನಾನು ಕೆಳಗೆ ಪೈಪು ಹಿಡಿದು ನಿಂತಿದ್ದೆ. ಐದನೆಯ ದಿನದ ಆ ಕೋಲು ಆಗ ನೆನಪಾಯಿತು. ನಾನು ಎನ್ನುವ ಎರಡಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಪೈಪಿನ ನೀರನ್ನು ನೆಲಕ್ಕೆ ಬಿಡುತ್ತಲೇ ಇದ್ದೆ. ಅಕ್ಕ ಮರದ ಕೋಲು ಹಿಡಿದು ಅವನ ಹತ್ತಿರ ಹೋಗಿ, ಎರಡೂ ಕೈಯಿಂದ ಎತ್ತಿದಳು. ಬಿಲ್ಲೆ ಅವಳ ಮುಖದ ಪಕ್ಕ ಬಂದಾಗ ಒಂದು ಗಳಿಗೆ ನಿಂತಳು. ಮನಸ್ಸು ಕರಗಿತು, ಹೊಡೆಯುವುದಿಲ್ಲ ಎಂದು ನನಗೆ ಅನ್ನಿಸಿತು. ಆಮೇಲೆ ಬೀಸಿದಳು. ಬಿಲ್ಲೆಯ ಅಂಚು ಅಣ್ಣನ ಮೂಗಿನ ಮೇಲೆ ಬಿದ್ದ ಸದ್ದು, ಒಣ ಕಡ್ಡಿ ಮುರಿದಷ್ಟೇ ಸಣ್ಣ ಸದ್ದು, ನನಗೆ ಈಗಲೂ ಕೇಳುತ್ತದೆ. ಅವನು ಆಳೆತ್ತರದಿಂದ ಸಿಮೆಂಟು ನೆಲಕ್ಕೆ ತಲೆ ಕೆಳಗಾಗಿ ಬಿದ್ದ. ಅವನ ರಕ್ತ ನನ್ನ ಪೈಪಿನ ನೀರಿನ ಜೊತೆ ಚರಂಡಿಗೆ ಹರಿಯಿತು. ನಮ್ಮ ಕೊಠಡಿಯ ನೆಲಕ್ಕೆ ಕೆಂಪು ನೀರು ಹೊಸದಲ್ಲ. ಬಾಗಿಲ ಬಳಿಯಿದ್ದ ಕೂಲಿಯವರು ತುಸು ಹೊತ್ತು ಅದನ್ನು ಗಮನಿಸಲೇ ಇಲ್ಲ.

ಆಸ್ಪತ್ರೆಯಲ್ಲಿ ಎಚ್ಚರ ಬಂದಾಗ ಅಣ್ಣ, ಕಾಲು ಜಾರಿ ಬಿದ್ದೆ ಎಂದ. ಮಾಲೀಕರು ಕೇಳಿದಾಗಲೂ ಅದನ್ನೇ ಹೇಳಿದ. ಮೂಗು ಸೊಟ್ಟಗೆ ಕೂಡಿಕೊಂಡಿತು. ಅದರೊಳಗಿನ ಶಕ್ತಿ ವಾಪಸು ಬರಲಿಲ್ಲ. ಸುಟ್ಟ ಹಾಲು, ಹೊಸ ಬಣ್ಣ, ಕೊಳೆತ ಇಲಿ, ಯಾವುದರ ವಾಸನೆಯೂ ಅವನಿಗೆ ತಿಳಿಯದಾಯಿತು. ಅಕ್ಕನ ತೊಟ್ಟಿ ತೆಳು ಬಣ್ಣಕ್ಕೆ ಇಳಿದು, ಕೆಟ್ಟ ನಾತದಲ್ಲಿ ಮುಗಿಯಿತು. ತಳದ ಗಸಿ ಕಡು ನೇರಳೆ. ಮಾಲೀಕರು ಬಗ್ಗಿ ಮೂಸಿ ಮುಖ ಹಿಂಡಿದರು, ಜಾಡಿ ಹೊರಗೆ ಹೋಗಲಿ ಎಂದರು. ಜಾಡಿಯಲ್ಲಿ ಏನಿತ್ತು ಹೋಗಲು? ಅಕ್ಕ ಖಾಲಿ ಜಾಡಿಯನ್ನು ಕಂಕುಳಲ್ಲಿಟ್ಟುಕೊಂಡು ಬೀದಿಯಲ್ಲಿ ನಡೆದು ಬಂದಳು.

ಒಂದೂವರೆ ತಿಂಗಳಾದ ಮೇಲೆ, ಬೇರೆ ಮನೆ ಮಾಡಿಕೊಂಡಿದ್ದ ಅಣ್ಣ ನಮ್ಮ ಮನೆಗೆ ಬಂದ. ಮುಖದ ಮೇಲೆ ಇನ್ನೂ ಪಟ್ಟಿ. ಅಂಗಿಯೊಳಗಿಂದ ಒಂದು ಬಾಟಲಿ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಹಿಂದಿನ ವರ್ಷದ ಸಿಮೆಂಟು ತೊಟ್ಟಿಯ ವೈನ್, ಸೋಸದೆ ತುಂಬಿಸಿದ್ದು. ಹಗಲೆಲ್ಲ ಅಕ್ಕನ ಹೆಪ್ಪನ್ನು ಆಡಿಕೊಳ್ಳುತ್ತಿದ್ದ ಮಹಾರಾಯ ವರ್ಷಕ್ಕೊಂದು ಬಾಟಲಿ ಕದ್ದು ಮನೆಗೆ ಒಯ್ದು, ಅದನ್ನೇ ಕುಡಿಯುತ್ತಿದ್ದ.

"ತಳದಲ್ಲಿ ಬೆರಳಗಲ ಗಸಿ ಇದೆ. ಸತ್ತಿದ್ಯೋ ಬದುಕಿದ್ಯೋ, ನೋಡ್ಕೋ," ಎಂದು ಹೇಳಿ ಹೋದ.

ಅಕ್ಕ ಇಪ್ಪತ್ತೆರಡು ದಿನ ಅದಕ್ಕೆ ಚಮಚದಲ್ಲಿ ರಸ ಕುಡಿಸಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಇಪ್ಪತ್ತಮೂರನೆಯ ದಿನ ಒಂದು ಗುಳ್ಳೆ ಎದ್ದಿತು. ಅವಳು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು. ನಾನೂ ಅತ್ತೆ, ನನ್ನ ಅಳುವಿಗೆ ಬೇರೆ ಕಾರಣವಿತ್ತು. ಅಂದಿನಿಂದ ಎಂಟು ವರ್ಷ ಹೆಪ್ಪು ಅಡುಗೆಮನೆಯ ಕಿಟಕಿಯ ಕೆಳಗೆ, ಅದೇ ಒಂದೇ ಜಾಡಿಯಲ್ಲಿ ಬದುಕಿತು. ಕಾರ್ಖಾನೆಯಲ್ಲಿ ಎಲ್ಲ ತೊಟ್ಟಿಗೂ ಕೊಲೆಗಡುಕನೇ. ಅಣ್ಣ ಮೇಸ್ತ್ರಿ, ಅಕ್ಕ ನನ್ನ ಜೊತೆ ತೊಳೆಯುವ ಕೆಲಸಕ್ಕೆ. ಮೂಗಿಲ್ಲದ ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದು ಹೊರಗೆ ತಿಳಿಯದಂತೆ ಅವನು ದಿನವೂ ಪ್ರತಿ ತೊಟ್ಟಿಯ ಹತ್ತಿರ ಅಕ್ಕನ ಪಕ್ಕ ಬಂದು ಮೆಲ್ಲಗೆ ಒಂದೇ ಮಾತು ಕೇಳುತ್ತಿದ್ದ, ವಾಸನೆ ಹೇಗಿದೆ ಎಂದು. ಅವಳು ಮುಖ ನೋಡದೆ, ಮೊಟ್ಟೆ ಅಥವಾ ಸೇಬು ಅಥವಾ ಸರಿಯಿದೆ ಎನ್ನುತ್ತಿದ್ದಳು. ಎಂಟು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಲಿಲ್ಲ. ಬೇರೆ ಮಾತನ್ನೂ ಆಡಲಿಲ್ಲ.

ಮಾಲೀಕರು ತೀರಿಕೊಂಡ ಮೇಲೆ ಅವರ ಮಗಳು ಬಂದಳು. ಉಗ್ರಾಣದಲ್ಲಿ ಉಳಿದಿದ್ದ ಒಂದು ಹಳೆಯ ಬಾಟಲಿ ತೆರೆದು ಕುಡಿದವಳು ನೇರ ಕೊಠಡಿಗೆ ಬಂದು, ಈ ಬಣ್ಣ ಈ ಕಂಪು ಈಗ ಯಾಕೆ ಬರುವುದಿಲ್ಲ, ಇದನ್ನು ಮಾಡಿದವರು ಯಾರು ಎಂದು ಕೇಳಿದಳು. ಎಲ್ಲರೂ ಅಕ್ಕನನ್ನು ತೋರಿಸಿದರು. ಆ ವರ್ಷ ಸಿಮೆಂಟು ತೊಟ್ಟಿ ಮತ್ತೆ ಅಕ್ಕನ ಕೈಗೆ ಬಂತು.

ಹೆಪ್ಪು ಹಾಕುವ ಬೆಳಗ್ಗೆ ಅಕ್ಕ ಜಾಡಿಯದ್ದನ್ನೆಲ್ಲ ಒಂದು ದೊಡ್ಡ ಗಾಜಿನ ಭರಣಿಗೆ ಬಗ್ಗಿಸಿ, ಮಣಿಕಟ್ಟು ಅದ್ದಿ ನೋಡಿ ಬೆಚ್ಚಗಿನ ರಸ ಸೇರಿಸಿ, ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಇಟ್ಟಿದ್ದಳು. ಅದು ಎದ್ದು, ಕೆನೆ ನೊರೆ ಕಟ್ಟಿ, ಭರಣಿಯ ಬಾಯಿಗೆ ಬಂದಿತ್ತು. ನಾನು ಸುತ್ತಲಿನ ನೆಲಕ್ಕೆ ಒಗೆಯುವ ಸೋಡಾ ಹಾಕಿದ ಬಿಸಿನೀರು ಸುರಿದು ಉಜ್ಜುತ್ತಿದ್ದೆ. ಅಕ್ಕ ಮರದ ಕೋಲನ್ನು ಮೂಲೆಯಿಂದ ತಂದು ಕುದಿಯುವ ನೀರಿನಲ್ಲಿ ತೊಳೆಯತೊಡಗಿದಳು. ಒಂದು ಸಲವಲ್ಲ, ಮೂರು ಸಲ. ಅದನ್ನು ನೋಡುತ್ತ ನನಗೆ ತಡೆದುಕೊಳ್ಳಲಾಗಲಿಲ್ಲ. ಎಂಟು ವರ್ಷದ್ದನ್ನೆಲ್ಲ ಕಕ್ಕಿಬಿಟ್ಟೆ. ಬೋಲ್ಟು, ಬಿಲ್ಲೆ, ಒಂದು ಬಕೆಟ್ ನೀರು, ಎಲ್ಲ. ಹೊಡೆ, ನನ್ನನ್ನು ಹೊಡೆ ಎಂದೆ.

ಅವಳು ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದಳು. "ಗುದ್ದೋವಾಗ ಬಿಲ್ಲೆ ರಸದಲ್ಲೇ ಇರುತ್ತೆ. ಅವತ್ತು ಕೋಲು ಎತ್ತಿದಾಗ್ಲೇ ಮೂಗಿಗೆ ಬಂತು. ಎರಡು ತೊಟ್ಟಿ ವಾಸನೆ ಇತ್ತು ಅದ್ರಲ್ಲಿ. ನನ್ನ ಕೋಲು ಮುಟ್ಟೋದು ನೀನು ಬಿಟ್ರೆ ಇನ್ಯಾರು?"

"ಮತ್ತೆ ಅವನಿಗ್ಯಾಕೆ ಹೊಡ್ದೆ?"

"ಹನ್ನೊಂದು ವರ್ಷದಿಂದ ಆ ಏಟು ಕೈಯಲ್ಲೇ ಇತ್ತು ಕಣೇ. ಅಪ್ಪನ ಕಾಲು ಅಲ್ಲಾಡ್ತಿತ್ತಲ್ಲ, ಅವತ್ತಿಂದ. ಎತ್ತಿದ ಮೇಲೆ ಇಳಿಸೋಕೆ ಆಗ್ಲಿಲ್ಲ."

ಅವಳು ಕೋಲಿನ ನೀರು ಕೊಡವಿ, ಹೋಗಿ ಅವನನ್ನು ಕರೆದುಕೊಂಡು ಬಾ ಎಂದಳು. ನಾನು ಬೇಡ ಎಂದೆ, ಕಾಲು ಹಿಡಿಯುತ್ತೇನೆ ಎಂದೆ. ಅವಳು ತಾನೇ ಬಾಗಿಲಿಗೆ ಹೋಗಿ ಅಣ್ಣಾ ಎಂದು ಕೂಗಿದಳು. ಅವಳ ಬಾಯಲ್ಲಿ ಆ ಶಬ್ದ ಬಂದು ಎಷ್ಟು ಕಾಲವಾಗಿತ್ತೋ, ಅವನು ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ಓಡಿಬಂದ. ಅವಳು ಕೋಲನ್ನು ಅವನ ಕೈಗೆ ಕೊಟ್ಟು, ನಾನು ಮಾಡಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಆಮೇಲೆ ತಾನು ಮಾಡಿದ್ದನ್ನು ಹೇಳಿದಳು.

"ನೀನಲ್ಲ ಅಂತ ಗೊತ್ತಿದ್ದೇ ಹೊಡ್ದೆ. ಈಗ ನೀನು ಹೊಡಿ," ಎಂದು ಮುಖ ಎತ್ತಿ, ಕಣ್ಣು ಮುಚ್ಚಿ ನಿಂತಳು.

ಅಣ್ಣ ನನ್ನತ್ತ ಒಮ್ಮೆ ನೋಡಿದ. ಆ ನೋಟಕ್ಕಿಂತ ಕೋಲಿನ ಏಟೇ ವಾಸಿಯಿತ್ತು. ಆಮೇಲೆ ಅಕ್ಕನತ್ತ ತಿರುಗಿದ. ಅವನ ಸೊಟ್ಟ ಮೂಗಿನ ಹೊಳ್ಳೆಗಳು ಅಗಲವಾಗಿದ್ದವು.

"ನಾನು ಬಾಟಲಿ ತಂದುಕೊಟ್ಟಾಗ್ಲೂ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು," ಎಂದಳು ಅಕ್ಕ.

ಅವನು ಕೋಲು ಎತ್ತಿದ. ನಾನು ನಡುವೆ ಬಿದ್ದು ತಡೆಯಬೇಕಿತ್ತು. ಈ ಸಲವೂ ನನ್ನ ಕಾಲು ಕದಲಲಿಲ್ಲ. ಕೋಲು ಅಕ್ಕನ ಕಿವಿಯ ಪಕ್ಕದಿಂದ ಹಾದು ಸ್ಟೂಲಿನ ಮೇಲಿದ್ದ ಭರಣಿಯ ಮೇಲೆ ಬಿತ್ತು. ಗಾಜು ಒಡೆದು ಮೂರೂ ಜನರ ಮೇಲೆ ಸಿಡಿಯಿತು. ಅವನು ಮತ್ತೆ ಎತ್ತಿ ಸ್ಟೂಲಿಗೆ ಹೊಡೆದ, ಸ್ಟೂಲು ಮುರಿಯಿತು. ಖಾಲಿ ಜಾಡಿಗೆ ಹೊಡೆದ, ಅಪ್ಪನ ಜಾಡಿ ಚೂರುಚೂರಾಯಿತು. ಕೋಲಿನ ಬಿಲ್ಲೆ ಹಾರಿಹೋಗುವವರೆಗೆ ನೆಲಕ್ಕೆ ಬಡಿದ. ಆಮೇಲೆ ಅವನ ಕೈ ಸೋತಿತು.

ಅಕ್ಕ ಕಣ್ಣು ಬಿಟ್ಟಾಗ ಹೆಪ್ಪು ನೆಲದ ಮೇಲೆ ನೊರೆನೊರೆಯಾಗಿ ಹರಡಿ ನನ್ನ ಸೋಡಾ ನೀರಿನೊಳಗೆ ಸೇರುತ್ತಿತ್ತು. ಅವಳು ಮಂಡಿಯೂರಿ ಬರಿಗೈಯಿಂದ ಅದನ್ನು ಬಾಚಿಕೊಳ್ಳಲು ನೋಡಿದಳು. ಗಾಜು ಚುಚ್ಚಿ ಅಂಗೈಯಿಂದ ರಕ್ತ ಬಂತು. ಬೊಗಸೆಗೆ ಬಂದದ್ದು ನೀರು, ರಕ್ತ, ಸೋಡಾ. ಸೋಡಾ ತಾಗಿದ ಹೆಪ್ಪು ಬದುಕುವುದಿಲ್ಲ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಅವಳು ಬೊಗಸೆ ಬಿಟ್ಟಳು. ಉಳಿದದ್ದು ಚರಂಡಿಯ ಕಡೆಗೆ ಹರಿಯಿತು. ಕೊಠಡಿಯ ತುಂಬ ಅದರ ಕಂಪು ಎದ್ದಿತು, ಅಪ್ಪನಿದ್ದಾಗ ಹಣ್ಣಿನ ಕಾಲದಲ್ಲಿ ಬೀದಿಯವರೆಗೆ ಬರುತ್ತಿತ್ತಲ್ಲ, ಅದೇ ಕಂಪು.

ಅಣ್ಣ ಬಿಲ್ಲೆ ಹೋದ ಕೋಲನ್ನು ಗೋಡೆಗೆ ಒರಗಿಸಿದ. ಆಮೇಲೆ ಬಂದು ಅವಳ ಪಕ್ಕದಲ್ಲಿ, ಗಾಜಿನ ಚೂರುಗಳ ಮೇಲೆಯೇ ಕುಕ್ಕರಗಾಲಲ್ಲಿ ಕೂತ. ಎಂಟು ವರ್ಷ ದಿನವೂ ಕೇಳಿದ ಹಾಗೇ, ಮೆಲ್ಲಗೆ ಕೇಳಿದ.

"ವಾಸನೆ ಹೇಗಿದೆ?"

ಅಕ್ಕ ಅವನ ಮುಖ ನೋಡಿದಳು.

"ಅಪ್ಪನ ಕಾಲದಲ್ಲಿ ಇದ್ದ ಹಾಗೇ ಇದೆ," ಎಂದಳು.